ಕಿಡ್ನಿ ಕಸಿಗೆ ಕಾಯುತ್ತಿರುವವರಿಗೆ ಹೆಲ್ತ್ ಕೋಚ್ ಯಾಕೆ ಬೇಕು?

ಕರ್ನಾಟಕದಲ್ಲಿ ಮೃತ ದಾನಿಯ ಕಿಡ್ನಿಗಾಗಿ ಆಸ್ಪತ್ರೆಯ ಮೂಲಕ ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿದ ಮೇಲೂ ವರ್ಷಗಟ್ಟಲೆ ಕಾಯಬೇಕಾಗಬಹುದು. ಕರೆ ಬಂದ ದಿನ ದೇಹ ಆಪರೇಷನ್‌ಗೆ ತಯಾರಿರಬೇಕು, ಅಲ್ವಾ? ಕೋಚ್ ನೋಡಿಕೊಳ್ಳುವುದು ಅದನ್ನೇ. ಔಷಧಿ ಬದಲಿಸುವುದು ಮಾತ್ರ ವೈದ್ಯರ ಕೆಲಸ.

ಜಾಸ್ತಿ ಮಾತು ಊಟದ್ದೇ. ಡಯಾಲಿಸಿಸ್‌ನಲ್ಲಿರುವವರಿಗೆ ಮನೆಯವರು ಪ್ರೀತಿಯಿಂದ ಎಳನೀರು ಕೊಡುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. 'ಲೋ ಸೋಡಿಯಂ' ಉಪ್ಪುಗಳಲ್ಲೂ ಸಾಮಾನ್ಯವಾಗಿ ಅದೇ ಇರುತ್ತದೆ. ಪೊಟ್ಯಾಸಿಯಂ ಕಡಿಮೆಯಾಗಲು ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಪಲ್ಯ ಮಾಡಿ. ಸಾರು, ಮಜ್ಜಿಗೆ, ಕಾಫಿ ಎಲ್ಲವೂ ವೈದ್ಯರು ಹೇಳಿದ ದಿನದ ನೀರಿನ ಲೆಕ್ಕಕ್ಕೇ ಸೇರುತ್ತವೆ.

ಲಸಿಕೆ, ಹಲ್ಲಿನ ತಪಾಸಣೆ, ನಡಿಗೆಯನ್ನೂ ಕೋಚ್ ನೆನಪಿಸುತ್ತಾರೆ. ಫೋನ್ ನಂಬರ್ ಬದಲಾದರೆ ಅವತ್ತೇ ಆಸ್ಪತ್ರೆಯ ಕಸಿ ಸಂಯೋಜಕರಿಗೆ ತಿಳಿಸಿ.