ಕೈ ಕಚ್ಚುವ ಬ್ರೌನಿಂಗ್: ಮಾವನಿಗೆ ಇಷ್ಟ, ಅಳಿಯನಿಗೆ ಕಷ್ಟ

ಪ್ರಶ್ನೆ: ಸರ್, ನಾವು ವಿಜಯಪುರದ ಕಡೆಯವರು, ಈಗ ಪುಣೆಯ ಚಿಂಚವಾಡದಲ್ಲಿದ್ದೇವೆ. ನಮ್ಮ ಅಪ್ಪ ಸುಬೇದಾರ್ ಆಗಿ ನಿವೃತ್ತರಾದವರು. 9 ಎಂಎಂ ಬ್ರೌನಿಂಗ್ ಪಿಸ್ತೂಲಿನಂಥದ್ದು ಇನ್ನೊಂದಿಲ್ಲ ಅನ್ನುತ್ತಾರೆ. ನಮ್ಮ ಯಜಮಾನರು ಕೇಂದ್ರದ ಒಂದು ಪಡೆಯಲ್ಲಿ ಗ್ಲಾಕ್ ಪಿಸ್ತೂಲು ಹಿಡಿದವರು. ಬ್ರೌನಿಂಗ್ ಕೈ ಕಚ್ಚುವ ಹಳೇ ಕಬ್ಬಿಣ ಅಂತ ಅವರ ವಾದ. ಪ್ರತಿ ಭಾನುವಾರ ಊಟಕ್ಕೆ ಕೂತರೆ ಇದೇ ಮಾತು, ರೊಟ್ಟಿ ಆರಿ ಹೋಗುತ್ತದೆ. ಯಾರು ಸರಿ?

ಉತ್ತರ: ತಂಗಿ, ಇಬ್ಬರೂ ಸರಿ. ಜಗಳ ಬಿಡಿಸೋಕೆ ಸುಮ್ನೆ ಹೇಳುತ್ತಿಲ್ಲ. ನಾನು ಸೈನ್ಯದಲ್ಲಿ ಆರ್ಮರರ್ ಆಗಿದ್ದವನು, ಬಂದೂಕು ಪಿಸ್ತೂಲು ಬಿಚ್ಚಿ ಜೋಡಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ಈ ಪಿಸ್ತೂಲನ್ನು ಹೊಗಳುವವರು ಯಾವ ಕಾರಣಕ್ಕೆ ಹೊಗಳುತ್ತಾರೋ, ಬೈಯುವವರ ಅರ್ಧ ದೂರು ಅದೇ ಕಾರಣದಿಂದ ಹುಟ್ಟಿದ್ದು. ಆ ಕಾರಣ ಅದರ ಮ್ಯಾಗ್ಜಿನ್, ಅಂದರೆ ಗುಂಡು ತುಂಬಿ ಹಿಡಿಯೊಳಗೆ ತುರುಕುವ ಡಬ್ಬಿ.

ಮೊದಲು ಹೆಸರಿನ ವಿಷಯ. ನಿಮ್ಮ ಅಪ್ಪ ಬ್ರೌನಿಂಗ್ ಅನ್ನುವುದು ಬಹುಶಃ ನಮ್ಮ ಈಶಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾದ 'ಪಿಸ್ಟಲ್ ಆಟೋ 9 ಎಂಎಂ 1ಎ'. ಅದರ ಮೂಲ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಹೈ ಪವರ್. ಜಾನ್ ಬ್ರೌನಿಂಗ್ ಕೆಲಸ ಶುರು ಮಾಡಿ 1926ರಲ್ಲಿ ಲಿಯೇಜ್‌ನಲ್ಲಿ ತೀರಿಕೊಂಡರು. ಮುಗಿಸಿದವರು ಅದೇ ಕಂಪನಿಯ ಡ್ಯೂಡೊನೆ ಸೇವ್. 1935ರಲ್ಲಿ ಪಿಸ್ತೂಲು ಹೊರಬಂತು. ಹೆಸರು ಬ್ರೌನಿಂಗ್‌ಗೆ ಹೋಯಿತು, ಆದರೆ ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಬೆವರು ಸೇವ್ ಅವರದ್ದು. ನಿಮ್ಮ ಅಪ್ಪನಿಗೆ ಇನ್ನೊಂದು ಮಾತು ಹೇಳಿ, ಖುಷಿಪಡುತ್ತಾರೆ. ಅವರು ಹೆಗಲಿಗೆ ಹಾಕಿಕೊಂಡು ಓಡಿದ 7.62 ಎಸ್‌ಎಲ್‌ಆರ್ ಇದೆಯಲ್ಲ, ಅದರ ಮೂಲವಾದ ಎಫ್‌ಎಎಲ್ ರೈಫಲ್ ಮಾಡಿದವರಲ್ಲೂ ಇದೇ ಸೇವ್ ಇದ್ದರು.

ಎರಡನೇ ಮಹಾಯುದ್ಧದಲ್ಲಿ ಜರ್ಮನರು ಬೆಲ್ಜಿಯಂ ಹಿಡಿದರು, ಎಫ್‌ಎನ್ ಕಾರ್ಖಾನೆ ಅವರ ಕೈಗೆ ಹೋಯಿತು. ಇತ್ತ ಕೆನಡಾದ ಇಂಗ್ಲಿಸ್ ಕಂಪನಿ ಟೊರಾಂಟೊದಲ್ಲಿ ಅದೇ ಪಿಸ್ತೂಲನ್ನು ಮಿತ್ರಪಕ್ಷಕ್ಕೆ ಮಾಡಿಕೊಟ್ಟಿತು. ಹಾಗಾಗಿ ಗಡಿಯ ಎರಡೂ ಕಡೆ ಒಂದೇ ಪಿಸ್ತೂಲು. ನಮ್ಮ ಈಶಾಪುರದ್ದು ಈ ಕೆನಡಾ ಮಾದರಿಯದು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಎಫ್‌ಎನ್ ಆಮೇಲೆ ತನ್ನ ಪಿಸ್ತೂಲಿನಲ್ಲಿ ಸರಿಮಾಡಿಕೊಂಡ ಕೆಲವು ಕುಂದುಗಳು ನಮ್ಮದರಲ್ಲಿ ಹಾಗೇ ಉಳಿದವು.

ಈಗ ಮ್ಯಾಗ್ಜಿನ್. ಅದಕ್ಕೂ ಮುಂಚೆ ದೊಡ್ಡ ಹೆಸರು ಮಾಡಿದ್ದ ಅಮೆರಿಕದ 1911 ಪಿಸ್ತೂಲಿನಲ್ಲಿ ಗುಂಡು ಒಂದರ ಮೇಲೆ ಒಂದು, ಒಟ್ಟು 7. ಇದರಲ್ಲಿ ಸೌದೆ ಒಟ್ಟಿದ ಹಾಗೆ, ಎರಡು ಕಟ್ಟಿಗೆಯ ಸಂದಿಯಲ್ಲಿ ಮೂರನೆಯದು ಕೂರುತ್ತದಲ್ಲ, ಹಾಗೆ ಜೋಡಿಸಿ ಬಾಯಿಯ ಹತ್ತಿರ ಮಾತ್ರ ಮತ್ತೆ ಒಂದೇ ಸಾಲಿಗೆ ತಂದರು. 13 ಗುಂಡು ಹಿಡಿಸಿತು! 1935ರಲ್ಲಿ ಸೈನ್ಯದ ಪಿಸ್ತೂಲಿಗೆ ಅದು ಭಾರಿ ಸಂಖ್ಯೆ. ಎರಡು ಸಾಲು ಅಂದರೆ ಹಿಡಿ ದಪ್ಪಗಾಗಿ ಇಟ್ಟಿಗೆ ಹಿಡಿದ ಹಾಗೆ ಇರಬೇಕಿತ್ತು, ಅಲ್ವಾ? ಇಲ್ಲ. ಇದರ ಹಿಡಿ ನಮ್ಮ ಜನರ ನಡುಗಾತ್ರದ ಅಂಗೈಗೂ ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ. ಕಣ್ಣು ಮುಚ್ಚಿ ಗುರಿಯ ಕಡೆ ಕೈ ಚಾಚಿ, ಆಮೇಲೆ ಕಣ್ಣು ತೆರೆದರೆ ನಳಿಕೆ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಖಾಲಿ ಇದ್ದಾಗ ತೂಕ 900 ಗ್ರಾಂ ಆಸುಪಾಸು, ಪೂರ್ತಿ ಉಕ್ಕು. ಅದಕ್ಕೇ ಗುಂಡು ಹಾರಿದಾಗ ಒದೆತ ಕಡಿಮೆ, ಮುಂದಿನ ಗುಂಡಿಗೆ ಕೈ ಬೇಗ ಜಾಗಕ್ಕೆ ಬರುತ್ತದೆ. ನಿಮ್ಮ ಅಪ್ಪನ ಪ್ರೀತಿ ಇಲ್ಲಿಂದ ಬಂದದ್ದು, ಅದು ಬರೀ ಹಳೇ ನೆನಪಿನ ಮೋಹ ಅಲ್ಲ.

ಆದರೆ ಹೊಟ್ಟೆಯಲ್ಲಿ ಅಷ್ಟು ದಪ್ಪ ಮ್ಯಾಗ್ಜಿನ್ ತುರುಕಿದ ಮೇಲೆ ಬೇರೆ ಸಾಮಾನಿಗೆ ಜಾಗ ಎಲ್ಲಿ? 1911 ಪಿಸ್ತೂಲಿನಲ್ಲಿ ಟ್ರಿಗರ್‌ಗೆ ಹೊಂದಿಕೊಂಡ ಒಂದು ಚೌಕಟ್ಟು ಮ್ಯಾಗ್ಜಿನ್‌ನ ಎರಡೂ ಬದಿಯಿಂದ ಹಿಂದಕ್ಕೆ ಹೋಗಿ ನೇರವಾಗಿ ಒತ್ತುತ್ತದೆ. ಇದರಲ್ಲಿ ಆ ಸಂದಿಯೇ ಉಳಿಯಲಿಲ್ಲ. ಹಾಗಾಗಿ ಬೆರಳಿನ ಒತ್ತಡ ಮೊದಲು ಮೇಲಕ್ಕೆ ಹತ್ತಿ, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಒಳಗಿನ ಸನ್ನೆಯೊಂದನ್ನು ಎತ್ತಿ, ಅದರ ಇನ್ನೊಂದು ತುದಿ ಕೆಳಗಿಳಿದು ಹ್ಯಾಮರ್, ಅಂದರೆ ಹಿಂದುಗಡೆಯ ಪೆಟ್ಟು ಕೊಡುವ ಸುತ್ತಿಗೆಯನ್ನು, ಬಿಡಿಸುತ್ತದೆ. ಸ್ವಾರಗೇಟ್‌ನಿಂದ ಕಾತ್ರಜ್‌ಗೆ ಶಿವಾಜಿನಗರ ಸುತ್ತಿ ಹೋದ ಹಾಗೆ. ಸುತ್ತು ಜಾಸ್ತಿಯಾದಷ್ಟೂ ಟ್ರಿಗರ್ ಮಬ್ಬು. ಎಲ್ಲಿ ಬಿಡುತ್ತದೆ ಅನ್ನುವುದು ಬೆರಳಿಗೆ ಖಚಿತವಾಗಿ ತಿಳಿಯುವುದಿಲ್ಲ.

ಇದು ಸಾಲದು ಅಂತ ಇನ್ನೊಂದು ಬೀಗ. ಈ ಪಿಸ್ತೂಲಿನ ಕೆಲಸ ಶುರುವಾದದ್ದೇ ಫ್ರಾನ್ಸ್ ಸೈನ್ಯದ ಬೇಡಿಕೆಗಾಗಿ. ಮ್ಯಾಗ್ಜಿನ್ ತೆಗೆದರೆ ಗುಂಡು ಹಾರಬಾರದು ಅಂತ ಅವರ ಷರತ್ತು. ಅದಕ್ಕಾಗಿ ಟ್ರಿಗರ್‌ನೊಳಗೆ ಒಂದು ಚಿಕ್ಕ ತುಂಡು ಕೂರಿಸಿದರು, ಅದು ಮ್ಯಾಗ್ಜಿನ್‌ನ ಮುಂಭಾಗಕ್ಕೆ ಒತ್ತಿಕೊಂಡಿರುತ್ತದೆ. ಟ್ರಿಗರ್ ಎಳೆದಾಗಲೆಲ್ಲ ಅದು ಮ್ಯಾಗ್ಜಿನ್ ಮೈ ಉಜ್ಜುತ್ತಾ ಹೋಗುತ್ತದೆ. ಹಳೇ ಮ್ಯಾಗ್ಜಿನ್ ಒಂದನ್ನು ಬೆಳಕಿಗೆ ಹಿಡಿದು ನೋಡಿ. ಮುಂಭಾಗದಲ್ಲಿ ಕಪ್ಪು ಬಣ್ಣ ಸವೆದು, ಉಗುರಿನಷ್ಟು ಉದ್ದಕ್ಕೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ಬೆರಳಿಗೆ ಮರಳು ಸಿಕ್ಕ ಹಾಗೆ ಅನಿಸುವುದು ಈ ಉಜ್ಜಾಟಕ್ಕೇ. ಬಟನ್ ಒತ್ತಿದರೆ ಮ್ಯಾಗ್ಜಿನ್ ಸರಕ್ಕನೆ ಬೀಳದೆ ಎಳೆದು ತೆಗೆಯಬೇಕಾಗುವುದೂ ಇದರಿಂದಲೇ. ಇಷ್ಟೆಲ್ಲ ಮಾಡಿಸಿಕೊಂಡ ಫ್ರಾನ್ಸ್ ಕೊನೆಗೆ ಬೇರೆಯೇ ಪಿಸ್ತೂಲು ತೆಗೆದುಕೊಂಡಿತು. ಸೀರೆ ಆರಿಸಿದವರು ಮದುವೆಗೇ ಬರಲಿಲ್ಲ.

ಈ ಬೀಗ ನಿಜಕ್ಕೂ ರಕ್ಷಣೆಯೇ? ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಡ್ಯೂಟಿ ಮುಗಿಸಿ ಬಂದ ಹುಡುಗನೊಬ್ಬ ಮ್ಯಾಗ್ಜಿನ್ ತೆಗೆದ, ಸ್ಲೈಡ್ ಎಳೆದು ನೋಡುವುದನ್ನು ಮರೆತ. ಟ್ರಿಗರ್ ಒತ್ತಿದ, ಏನೂ ಆಗಲಿಲ್ಲ. ಹ್ಯಾಮರ್ ಮಾತ್ರ ಎತ್ತಿಕೊಂಡೇ ಇದೆ. ಅದನ್ನು ಇಳಿಸಬೇಕಾದರೆ ಮ್ಯಾಗ್ಜಿನ್ ಮತ್ತೆ ಹಾಕಲೇಬೇಕು. ಖಾಲಿ ಮ್ಯಾಗ್ಜಿನ್ ಹಾಕಿ ಒತ್ತಿದ. ಢಂ! ಗುಂಡು ನಳಿಕೆಯ ಹಿಂದೆ ಕೂತೇ ಇತ್ತು. ಮುಂದೆ ಮರಳಿನ ಪೆಟ್ಟಿಗೆ ಇದ್ದದ್ದಕ್ಕೆ ಬಚಾವ್. ಖೋಕಾ, ಅಂದರೆ ಗುಂಡಿನ ಖಾಲಿ ಚಿಪ್ಪು, ನನ್ನ ಬೂಟಿನ ಹತ್ತಿರ ಬಂದು ಬಿತ್ತು, ಹುಡುಗನ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ತಪ್ಪು ಹುಡುಗನದ್ದೇ, ನಿಜ. ಆದರೆ ಮ್ಯಾಗ್ಜಿನ್ ತೆಗೆದರೆ ಸಾಕು ಅನ್ನುವ ಧೈರ್ಯ ಕೊಟ್ಟದ್ದು ಆ ಬೀಗ. ಹಾಗಂತ ಅದನ್ನು ಕಿತ್ತು ಹಾಕಿ ಅಂತ ಯಾರಿಗೂ ಹೇಳುವುದಿಲ್ಲ, ಸರ್ಕಾರಿ ಆಯುಧದಲ್ಲಂತೂ ಅದು ನೇರ ಅಪರಾಧ.

ಇನ್ನು ಕೈ ಕಚ್ಚುವುದು. ಗುಂಡು ಹಾರಿದಾಗ ಸ್ಲೈಡ್ ಹಿಂದಕ್ಕೆ ಬಂದು ಹ್ಯಾಮರ್ ಅನ್ನು ಕೆಳಗೆ ಒತ್ತುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚರ್ಮ ಇದೆಯಲ್ಲ, ಅದು ಹ್ಯಾಮರ್‌ಗೂ ಹಿಡಿಯ ಹಿಂದೆ ಚಾಚಿದ ಬಾಲಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಬಾಗಿಲ ಸಂದಿಗೆ ಬೆರಳು ಕೊಟ್ಟ ಹಾಗೆ. ತೊಗರಿ ಬೇಳೆ ಗಾತ್ರದ ರಕ್ತದ ಗುಳ್ಳೆ ಏಳುತ್ತದೆ, ಐವತ್ತು ರೌಂಡ್ ಹೊಡೆದರೆ ಚರ್ಮ ಕಿತ್ತೇ ಬರುತ್ತದೆ. ತಮಾಷೆ ಎಂದರೆ ಎಲ್ಲರಿಗೂ ಹೀಗಾಗುವುದಿಲ್ಲ. ಸಣಕಲು ಕೈಯವರು ಇಡೀ ಸರ್ವಿಸ್ ಮುಗಿಸಿದರೂ ಒಮ್ಮೆಯೂ ಕಚ್ಚಿಸಿಕೊಂಡಿರುವುದಿಲ್ಲ. ಕೈ ದಪ್ಪ ಇದ್ದು, ಹಿಡಿಯನ್ನು ಆದಷ್ಟು ಮೇಲೆ ಹಿಡಿಯಲು ಕಲಿತವರಿಗೆ ಮೊದಲ ಮ್ಯಾಗ್ಜಿನ್‌ನಲ್ಲೇ ಪ್ರಸಾದ ಸಿಗುತ್ತದೆ. ಈಗಿನ ತರಬೇತಿಯಲ್ಲಿ ಮೇಲೆ ಹಿಡಿಯಲೇ ಹೇಳುತ್ತಾರೆ, ಗ್ಲಾಕ್‌ಗೆ ಅದು ಸರಿ. ಅದೇ ಹಿಡಿತ ಬ್ರೌನಿಂಗ್‌ಗೆ ತಂದರೆ ರಕ್ತ. ಈ ಭಾನುವಾರ ಅಪ್ಪ, ಯಜಮಾನರು ಇಬ್ಬರ ಅಂಗೈಯನ್ನೂ ಮೇಜಿನ ಮೇಲೆ ಇಡಿಸಿ ನೋಡಿ. ಅಪ್ಪನದ್ದು ಸಣ್ಣದು, ಅಳಿಯನದ್ದು ದಪ್ಪದ್ದು ಅಂತ ನನ್ನ ಊಹೆ.

ಸೇಫ್ಟಿ, ಅಂದರೆ ಗುಂಡು ತಪ್ಪಿ ಹಾರದಂತೆ ತಡೆಯುವ ಸನ್ನೆಯೂ ಹಾಗೇ. ಹಳೇ ಮಾದರಿಯಲ್ಲಿ ಅದು ಕಡಲೆಕಾಳಿನಷ್ಟು ಚಿಕ್ಕದು. ಬೆವರಿದ ಹೆಬ್ಬೆರಳಿಗೆ ಸಿಗುವುದೇ ಇಲ್ಲ. ಎಫ್‌ಎನ್ ಆಮೇಲೆ ಅದನ್ನು ದೊಡ್ಡದು ಮಾಡಿತು, ನಮ್ಮ 1ಎಯಲ್ಲಿ ಚಿಕ್ಕದೇ. ಗುರಿ ನೋಡುವ ಮುಂದಿನ ಹಿಂದಿನ ಸೈಟುಗಳೂ ಕಿರಿದು. ನನ್ನ ವಯಸ್ಸಿಗೆ ಬಂದವರಿಗೆ ಕನ್ನಡಕ ಹಾಕಿದರೂ ಮಸುಕು.

ಗ್ಲಾಕ್ 17 ಈ ಜಗಳಗಳಿಂದೆಲ್ಲ ದೂರ. ಅದಕ್ಕೆ ಹೊರಗೆ ಹ್ಯಾಮರ್ ಇಲ್ಲ, ಹಾಗಾಗಿ ಕಚ್ಚಲು ಹಲ್ಲೇ ಇಲ್ಲ. ಚೌಕಟ್ಟು ಪ್ಲಾಸ್ಟಿಕ್, ಖಾಲಿ ತೂಕ 700 ಗ್ರಾಂ ಒಳಗೆ, ಗುಂಡು 17. ಬೆರಳಿಂದ ಬಿಡಿಸಬೇಕಾದ ಬೇರೆ ಸೇಫ್ಟಿ ಇಲ್ಲ, ತೆಗೆದ ತಕ್ಷಣ ಹೊಡೆಯಬಹುದು. ಬ್ರಿಟಿಷ್ ಸೈನ್ಯ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬ್ರೌನಿಂಗ್ ಇಟ್ಟುಕೊಂಡು 2013ರಲ್ಲಿ ಗ್ಲಾಕ್‌ಗೆ ಬದಲಾಯಿಸಿತು. ಎಫ್‌ಎನ್ ಕೂಡ 2018ರ ಹೊತ್ತಿಗೆ ಹಳೇ ಹೈ ಪವರ್ ತಯಾರಿ ನಿಲ್ಲಿಸಿತು. ಆದರೂ ಜನ ಬಿಡಲಿಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಂಪನಿ 2021ರಲ್ಲಿ ಅದೇ ಮೈಕಟ್ಟಿನ ಪಿಸ್ತೂಲು ತಂದಿತು, ಮ್ಯಾಗ್ಜಿನ್ ಬೀಗ ತೆಗೆದು, ಹ್ಯಾಮರ್ ಕಚ್ಚದ ಹಾಗೆ ತಿದ್ದಿ. ಅಂದರೆ ಬೈದವರ ಮಾತನ್ನೂ ಕೇಳಿದರು, ಹೊಗಳಿದವರ ಹಿಡಿಯನ್ನೂ ಉಳಿಸಿದರು.

ನನ್ನನ್ನು ಕೇಳಿದರೆ? ರಾತ್ರಿ ಕಾವಲಿಗೆ ಹೋಗುವ ಹುಡುಗನ ಕೈಗೆ ಗ್ಲಾಕ್ ಕೊಡುತ್ತೇನೆ. ಬಿಚ್ಚಿ, ಎಣ್ಣೆ ಹಚ್ಚಿ, ಮತ್ತೆ ಜೋಡಿಸುವ ಸುಖಕ್ಕೆ ಬ್ರೌನಿಂಗ್. ಮತ್ತೆ ಯಜಮಾನರಿಗೆ ಹೇಳಿ, 'ಹಳೇ ಕಬ್ಬಿಣ' ಅನ್ನಬೇಡಿ, ಅದು ಉಕ್ಕು.

ಪ್ರಶ್ನೆ: ಗೋವಾದ ವಾಸ್ಕೊದಲ್ಲಿದ್ದೇನೆ, ಊರು ಕಾರವಾರ. ಲೈಸೆನ್ಸ್ ಇರುವ .32 ಪಿಸ್ತೂಲು ಇದೆ. ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ನಿಮ್ಮ 9 ಎಂಎಂ ಥರದ್ದು ತೆಗೆದುಕೊಂಡರೆ ಬಾಳಿಕೆ ಬರುತ್ತದೆಯೇ?

ಉತ್ತರ: 9 ಎಂಎಂ ಆಸೆ ಬಿಡಿ. ನಮ್ಮ ಕಾನೂನಿನಲ್ಲಿ ಅದು ನಿಷೇಧಿತ ಬೋರ್ (ನಳಿಕೆಯ ಅಳತೆ), ಸಾಮಾನ್ಯ ಲೈಸೆನ್ಸ್‌ಗೆ ಸಿಗುವುದಿಲ್ಲ. ಸಿಕ್ಕರೂ ತುಕ್ಕು ಬೋರ್ ನೋಡಿ ಹಿಡಿಯುವುದಿಲ್ಲ. ಪಿಸ್ತೂಲನ್ನು ಚರ್ಮದ ಹೋಲ್‌ಸ್ಟರ್‌ನಲ್ಲೇ ಇಟ್ಟು ಕಪಾಟು ಹಾಕುತ್ತೀರಾ? ಹೌದು ಅಂತಾದರೆ ಕಳ್ಳ ಅಲ್ಲೇ ಇದ್ದಾನೆ. ಚರ್ಮ ಸಮುದ್ರದ ತೇವ ಹೀರಿಕೊಂಡು ಉಕ್ಕಿನ ಮೈಗೆ ಒತ್ತಿ ಹಿಡಿಯುತ್ತದೆ. ಹೊರಗೆ ತೆಗೆದಿಡಿ, ತೆಳುವಾಗಿ ಎಣ್ಣೆ ಸವರಿ, ಬೀಗದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒರೆಸಿ. ಹಿಡಿಯ ಪಟ್ಟಿಗಳ ಒಳಗೂ ನೋಡಿಸಿ. ಬೆವರಿನ ಉಪ್ಪು ಅಲ್ಲಿ ಕೂತು ಒಳಗಿಂದ ತಿನ್ನುತ್ತದೆ, ಹೊರಗೆ ಫಳಫಳ ಅನ್ನುತ್ತಿರುತ್ತದೆ. ಗುಂಡಿಗೆ ಮಾತ್ರ ಎಣ್ಣೆ ತಾಗಿಸಬೇಡಿ.

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯವರು. ಮಗನಿಗೆ ಹದಿನಾಲ್ಕು. ದೊಡ್ಡ ಪಿಸ್ತೂಲು ಹೊಡೆಯುವ ಹುಚ್ಚು. ಎಲ್ಲಿಂದ ಶುರು ಮಾಡಿಸಬೇಕು?

ಉತ್ತರ: ಅಮ್ಮಾ, ದೊಡ್ಡ ಪಿಸ್ತೂಲಿನಿಂದಂತೂ ಅಲ್ಲ. 10 ಮೀಟರ್ ಏರ್ ಪಿಸ್ತೂಲಿನಿಂದ. ಮುಂಬೈನಲ್ಲಿ ವರ್ಲಿಯ ರೇಂಜ್ ಇದೆ, ಪುಣೆಯಲ್ಲಿ ಬಾಲೇವಾಡಿ. ಹೋಗಿ ಒಂದು ಬೆಳಿಗ್ಗೆ ಸುಮ್ನೆ ಕೂತು ನೋಡಲಿ. ಗುರಿಹಲಗೆಯ ನಡುವಿನ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಅದನ್ನು ಒಂದೇ ಕೈಯಲ್ಲಿ ಹೊಡೆಯಬೇಕು.

ಮುಂದೆ ದೊಡ್ಡ ಗುಂಡಿನ ಸೆಂಟರ್ ಫೈರ್ ಸ್ಪರ್ಧೆಗೆ ಬಂದಾಗಲೂ ಮೇಲೆ ಹೇಳಿದಂಥ ಸೈನ್ಯದ ಪಿಸ್ತೂಲು ಯಾರೂ ತರುವುದಿಲ್ಲ. 25 ಮೀಟರ್‌ನ ಆ ಸ್ಪರ್ಧೆಗೆ 7.62ರಿಂದ 9.65 ಮಿಲಿಮೀಟರ್ ಬೋರ್ ನಡೆಯುತ್ತದೆ, ಲೆಕ್ಕಕ್ಕೆ 9 ಎಂಎಂ ಕೂಡ ಒಳಗೇ ಬರುತ್ತದೆ. ಆದರೂ ಹೆಚ್ಚಿನವರು .32ರ ಚಪ್ಪಟೆ ಮೂತಿಯ ಗುಂಡನ್ನೇ ಆರಿಸುತ್ತಾರೆ. ಒದೆತ ಕಡಿಮೆ, ಕಾಗದದಲ್ಲಿ ಪಂಚಿಂಗ್ ಮೆಷಿನ್ ಹೊಡೆದ ಹಾಗೆ ದುಂಡಗೆ ತೂತು, ಅಂಕ ಎಣಿಸುವಾಗ ವಾದ ಇಲ್ಲ. ನಮ್ಮ ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಈ ಸ್ಪರ್ಧೆಯಲ್ಲೇ 590 ಅಂಕ ಹೊಡೆದು ವಿಶ್ವ ದಾಖಲೆ ಸರಿಗಟ್ಟಿದರು. ಮಗನಿಗೆ ಇದನ್ನು ಹೇಳಿ.

ರೇಂಜ್‌ನಲ್ಲಿ ಸೀಟು ಸಿಗುವವರೆಗೆ ಒಂದು ಲೀಟರ್ ನೀರಿನ ಬಾಟಲಿ ತುಂಬಿಸಿ ಕೊಡಿ. ಎಡಗೈ ಜೇಬಿನಲ್ಲಿಟ್ಟುಕೊಂಡು, ಬಲಗೈ ಚಾಚಿ, ಗೋಡೆಯ ಮೇಲಿನ ಒಂದು ಚುಕ್ಕೆ ನೋಡುತ್ತಾ ನಿಲ್ಲಲಿ. ಅರ್ಧ ನಿಮಿಷಕ್ಕೆ ನಡುಕ ಶುರುವಾಗುತ್ತದೆ. ಮೊದಲ ವಾರ ಅಷ್ಟೇ ಸಾಕು.