ಮುರಾಬಹಾ ಖರೀದಿಯಿಂದ ಹಿಂದೆ ಸರಿದರೆ ಕಟ್ಟಿದ ಮುಂಗಡದ ಗತಿಯೇನು?

ದುಬೈನಲ್ಲಿರುವ ನಿಮ್ಮ ತಮ್ಮ ಇಸ್ಲಾಮಿಕ್ ಬ್ಯಾಂಕೊಂದರ ಮೂಲಕ ಕಾರು ಕೊಳ್ಳುವುದಾಗಿ ಬರೆದುಕೊಟ್ಟು ಮುಂಗಡ ಕಟ್ಟಿದ್ದು, ಈಗ ಬೇಡವೆಂದರೆ ಬ್ಯಾಂಕು ಅಷ್ಟೂ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದೇ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಲೆಕ್ಕಪತ್ರ ನೋಡುವ ನನ್ನ ಬಳಿಗೆ ಕೊಲ್ಲಿ ದೇಶಗಳಲ್ಲಿರುವವರ ಮನೆಯವರು ಇಂಥ ಕಾಗದ ಹಿಡಿದು ಬರುವುದುಂಟು. ಅದರಲ್ಲಿ ನಾನು ಮೊದಲು ಹುಡುಕುವುದು ಎರಡು ದಿನಾಂಕಗಳನ್ನು: ಹಣ ಕಟ್ಟಿದ್ದು ಯಾವಾಗ, ಮಾರಾಟದ ಕರಾರಿಗೆ ಸಹಿ ಬಿದ್ದದ್ದು ಯಾವಾಗ.

ಮುರಾಬಹಾದಲ್ಲಿ ಬ್ಯಾಂಕು ಸಾಲ ಕೊಡುವುದಿಲ್ಲ; ಕಾರನ್ನು ತಾನೇ ಕೊಂಡು, ಅಸಲು ಬೆಲೆಯನ್ನೂ ಲಾಭವನ್ನೂ ತಿಳಿಸಿ, ಗ್ರಾಹಕನಿಗೆ ಕಂತಿನ ಮೇಲೆ ಮಾರುತ್ತದೆ. ತನ್ನ ಸ್ವಾಧೀನಕ್ಕೆ ಬಾರದ ವಸ್ತುವನ್ನು ಅದು ಮಾರುವಂತಿಲ್ಲವಾದ್ದರಿಂದ ಗ್ರಾಹಕನಿಂದ ಮೊದಲು ಪಡೆಯುವುದು ಕೊಳ್ಳುವ ವಾಗ್ದಾನ ಮಾತ್ರ. 1988ರಲ್ಲಿ ಕುವೈತ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಫಿಕ್ಹ್ (ಇಸ್ಲಾಮಿಕ್ ಧರ್ಮಶಾಸ್ತ್ರ) ಅಕಾಡೆಮಿ, ವಾಗ್ದಾನವನ್ನು ನಂಬಿ ಎದುರಿನವರು ಖರ್ಚು ಮಾಡಿದ್ದರೆ ಕೊಟ್ಟವರು ಅದಕ್ಕೆ ಬದ್ಧರು ಎಂದು ತೀರ್ಮಾನಿಸಿತು. ಆದರೆ ಇಬ್ಬರೂ ಪರಸ್ಪರ ಕಟ್ಟುಬಿದ್ದರೆ ಅದು ಮಾರಾಟವೇ ಆಗಿಬಿಡುವುದರಿಂದ ಅದನ್ನು ಒಪ್ಪಲಿಲ್ಲ.

ವಾಗ್ದಾನದ ಈ ಹಂತದಲ್ಲಿ ಕಟ್ಟಿದ ಹಣವನ್ನು ಹಾಮಿಶ್ ಜಿದ್ದಿಯ್ಯಾ, ಅಂದರೆ ಕೊಳ್ಳುವ ಮಾತು ಗಂಭೀರವೆಂದು ತೋರಿಸುವ ಠೇವಣಿ, ಎನ್ನುತ್ತಾರೆ. ಇಸ್ಲಾಮಿಕ್ ಬ್ಯಾಂಕಿಂಗಿಗೆ ನಿಯಮ ರೂಪಿಸುವ ಬಹ್ರೇನಿನ ಮಾನದಂಡ ಸಂಸ್ಥೆಯಾದ ಅಯೋಫಿಯ 8ನೆಯ ಷರಿಯಾ ಮಾನದಂಡದ ಪ್ರಕಾರ ಅದು ಬ್ಯಾಂಕಿನ ಆದಾಯವಲ್ಲ, ಗ್ರಾಹಕನದೇ ಹಣ. ಅವನು ಹಿಂದೆ ಸರಿದರೆ ನಿಜವಾಗಿ ಆದ ನಷ್ಟವನ್ನಷ್ಟೇ ಮುರಿದುಕೊಳ್ಳಬಹುದು. ಉದಾಹರಣೆಗೆ, ಬ್ಯಾಂಕು 80,000 ದಿರ್ಹಾಮಿಗೆ ಕೊಂಡ ಕಾರನ್ನು ಬೇರೆಯವರಿಗೆ 77,000ಕ್ಕೆ ಮಾರಿತೆನ್ನಿ. ನಿಮ್ಮ ತಮ್ಮ 8,000 ಕಟ್ಟಿದ್ದರೆ 3,000 ಹೋಗಿ 5,000 ಮರಳಬೇಕು. ನಿಮ್ಮ ತಮ್ಮನಿಗೇ ಮಾರಿದ್ದರೆ 12,000 ಲಾಭ ಬರುತ್ತಿತ್ತು ಎಂಬ ಲೆಕ್ಕವನ್ನು ನಷ್ಟಕ್ಕೆ ಸೇರಿಸುವಂತಿಲ್ಲ. ಬ್ಯಾಂಕಿನವರು ಜಾರಿಸಲು ನೋಡುವುದು ಸಾಮಾನ್ಯವಾಗಿ ಇಲ್ಲೇ.

ಮಾರಾಟದ ಕರಾರು ಆದ ಮೇಲೆ ಕಟ್ಟಿದ್ದರೆ ಮಾತು ಬೇರೆ. ಅದು ಅರ್ಬೂನ್, ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳಕ್ಕೋ ನಿವೇಶನದ ವ್ಯವಹಾರಕ್ಕೋ ಕೊಡುವ ಸಂಚಕಾರದಂತೆ, ಕೊಳ್ಳುವವನು ತಪ್ಪಿದರೆ ಹೋಯಿತು. ಇಸ್ಲಾಮಿಕ್ ಧರ್ಮಶಾಸ್ತ್ರದ ಪಂಥಗಳಲ್ಲಿ ಹನಬಲಿ ಪಂಥ ಬಿಟ್ಟರೆ ಉಳಿದವುಗಳ ಬಹುಪಾಲು ಪಂಡಿತರು ಇದನ್ನು ಒಪ್ಪುತ್ತಿರಲಿಲ್ಲ. ಫಿಕ್ಹ್ ಅಕಾಡೆಮಿ 1993ರಲ್ಲಿ ಅವಧಿ ಗೊತ್ತುಪಡಿಸಿರಬೇಕೆಂಬ ಷರತ್ತಿನ ಮೇಲೆ ಒಪ್ಪಿತು. ಇಲ್ಲಿಯೂ ನಷ್ಟ ಕಳೆದು ಉಳಿದದ್ದನ್ನು ಮರಳಿಸುವುದು ಮೇಲು ಎಂದು ಅಯೋಫಿ ಹೇಳುತ್ತದೆ, ಆದರೆ ಅದು ಸಲಹೆಯಷ್ಟೇ.

 

ಯುಎಇಯಲ್ಲಿ 2018ರ ಸೆಪ್ಟೆಂಬರ್‌ನಿಂದ ಇಸ್ಲಾಮಿಕ್ ಬ್ಯಾಂಕುಗಳು ಅಯೋಫಿ ಮಾನದಂಡಗಳನ್ನು ಪಾಲಿಸುವುದು ಕಡ್ಡಾಯ. ಆದ್ದರಿಂದ ಮಾರಾಟದ ಕರಾರಿಗೆ ಇನ್ನೂ ಸಹಿ ಹಾಕಿಲ್ಲವಾದರೆ, ಕಾರನ್ನು ಕೊಂಡ ಬಿಲ್ಲನ್ನೂ ಮೂರನೆಯವರಿಗೆ ಮಾರಿದ ಬಿಲ್ಲನ್ನೂ ತೋರಿಸುವಂತೆ ನಿಮ್ಮ ತಮ್ಮ ಬರವಣಿಗೆಯಲ್ಲಿ ಕೇಳಲಿ. ಬ್ಯಾಂಕು ಕಾರನ್ನು ಇನ್ನೂ ಕೊಂಡೇ ಇಲ್ಲದಿದ್ದರೆ ನಷ್ಟದ ಹೆಸರಿನಲ್ಲಿ ಏನನ್ನು ಮುರಿದುಕೊಳ್ಳುತ್ತಿದ್ದಾರೆಂದು ಅದೇ ಪತ್ರದಲ್ಲಿ ವಿವರಣೆ ಬೇಡಲಿ.