ಸಾದಾ ಬ್ಲೌಸ್ ಹೊಲಿಯಲು ಬರುತ್ತದೆ. ನನ್ನದೇ ವಿನ್ಯಾಸದ ಉಡುಪು ಹೊಲಿಯುವುದನ್ನು ಮನೆಯಲ್ಲೇ ಕಲಿಯುವುದು ಹೇಗೆ?

ಲಂಗ, ನೈಟಿ, ಟಕ್ಸ್ (ಬಟ್ಟೆ ಮೈಗೆ ಕೂರಲೆಂದು ಚೂಪಾಗಿ ಮಡಚಿ ಹಾಕುವ ಹೊಲಿಗೆ) ಹಿಡಿದ ಸಾದಾ ಬ್ಲೌಸ್ ಹೊಲಿಯುವಷ್ಟು ಕೈ ಪಳಗಿದೆ, ತರಗತಿಗೆ ಹೋಗುವ ಅನುಕೂಲವಿಲ್ಲ, ಹೊಸ ಯಂತ್ರ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಯಂತ್ರ ಸದ್ಯಕ್ಕೆ ಬೇಡ. ನೇರ ಹೊಲಿಗೆ ಹಾಕುವ ಕಾಲುಯಂತ್ರ ಧಾರಾಳವಾಗಿ ಸಾಕು, ನಾನು ಇಂದಿಗೂ ಅದರಲ್ಲೇ ಹೊಲಿಯುತ್ತೇನೆ. ಆ ದುಡ್ಡಿಗೆ ಹರಿತವಾದ ಕತ್ತರಿ, ಒಂದಷ್ಟು ಕೋರಾ ಬಟ್ಟೆ, ದೊಡ್ಡ ಕಂದು ಕಾಗದದ ಹಾಳೆಗಳನ್ನು ತನ್ನಿ. ನಿಮಗೆ ಈಗ ಬೇಕಾಗಿರುವುದು ಕಟಿಂಗ್ ವಿದ್ಯೆ.

ಅಳತೆ ಬ್ಲೌಸನ್ನು ಬಟ್ಟೆಯ ಮೇಲೆ ಹರಡಿ, ಸುತ್ತಲೂ ಗುರುತು ಹಾಕಿ ಕತ್ತರಿಸುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಿದರೆ ಹಳೆಯ ಬ್ಲೌಸೇ ಮತ್ತೆ ಮತ್ತೆ ತಯಾರಾಗುತ್ತದೆ. ಅದರ ಬದಲು ನಿಮ್ಮ ಮೈ ಅಳತೆ ತೆಗೆದು, ಹೊಲಿಗೆಯ ಅಂಚು ಸೇರಿಸದೆ, ಮುಂಭಾಗ, ಹಿಂಭಾಗ ಮತ್ತು ತೋಳಿನ ನಕ್ಷೆಯನ್ನು ಕಾಗದದ ಮೇಲೆ ಬರೆಯಿರಿ. ಅಂಚು ಬಿಟ್ಟುಕೊಂಡು ಕೋರಾ ಬಟ್ಟೆಯಲ್ಲಿ ಹೊಲಿದು, ತೊಟ್ಟು, ಕನ್ನಡಿಯ ಮುಂದೆ ನಿಲ್ಲಿ. ಎಳೆದಂತೆ ಕಾಣುವ ಸುಕ್ಕುಗಳು ಎತ್ತ ಬೊಟ್ಟು ಮಾಡುತ್ತವೆಯೋ ಅಲ್ಲಿ ಬಟ್ಟೆ ಸಾಲದು. ಸಡಿಲವಾಗಿ ಮಡಿಕೆ ಬಿದ್ದಲ್ಲಿ ಬಟ್ಟೆ ಹೆಚ್ಚು. ಅಲ್ಲಿ ಪಿನ್ನು ಹಾಕಿ, ಆ ತಿದ್ದುಪಡಿಯನ್ನು ತಪ್ಪದೆ ಕಾಗದಕ್ಕೂ ಇಳಿಸಿ.

ತೋಳಿನ ವಿಷಯ ಒತ್ತಿ ಹೇಳಬೇಕು. ಕೈ ಎತ್ತಿದಾಗ ಉಡುಪೆಲ್ಲ ಮೇಲೇರಿದರೆ ಕಂಕುಳನ್ನು ಇನ್ನಷ್ಟು ಕೆಳಗೆ ಕೊರೆಯುವವರೇ ಬಹಳ. ಆಗ ತೊಂದರೆ ಹೆಚ್ಚುತ್ತದೆ. ಆರ್ಮ್‌ಹೋಲ್, ಅಂದರೆ ತೋಳು ಕೂಡಿಸುವ ಸುತ್ತು, ಕಂಕುಳಿಗೆ ಹತ್ತಿರವಾಗಿದ್ದಷ್ಟೂ ಕೈ ಹಗುರಾಗಿ ಆಡುತ್ತದೆ. ಚರ್ಮಕ್ಕೆ ಒತ್ತದಂತೆ ನೋಡಿಕೊಂಡರಾಯಿತು.

ಈ ನಕ್ಷೆ ಸರಿಬಂದ ಮೇಲೆ ವಿನ್ಯಾಸದ ಬಾಗಿಲು ತೆರೆದಂತೆಯೇ. ಮುಂಭಾಗದ ನಕ್ಷೆಯ ನಕಲು ತೆಗೆದು, ಟೈಲರ್‌ಗಳು ಅಪೆಕ್ಸ್ ಎನ್ನುವ ಎದೆಯ ಬಿಂದುವನ್ನು ಗುರುತಿಸಿ. ಭುಜದ ನಡುವಿನಿಂದ ಆ ಬಿಂದುವಿನವರೆಗೆ ಗೆರೆ ಎಳೆದು ಕತ್ತರಿಸಿ. ಸೊಂಟದ ಟಕ್ಸಿನ ಒಂದು ಗೆರೆಯನ್ನು ಅದೇ ಬಿಂದುವಿನವರೆಗೆ ಕತ್ತರಿಸಿ, ಟಕ್ಸಿನ ಎರಡೂ ಗೆರೆಗಳನ್ನು ಕೂಡಿಸಿ ಅದನ್ನು ಮುಚ್ಚಿ. ಭುಜದ ಬಳಿ ಕಾಗದ ತಾನಾಗಿಯೇ ಬಾಯಿ ಬಿಡುತ್ತದೆ, ಟಕ್ಸ್ ಅಲ್ಲಿಗೆ ಜಾಗ ಬದಲಿಸಿದೆ! ಆ ಬಾಯಿಯನ್ನು ಟಕ್ಸಾಗಿ ಹೊಲಿಯದೆ ನೆರಿಗೆ ಹಿಡಿದರೆ ಒಂದು ಉಡುಪು. ಟಕ್ಸನ್ನು ಮುಚ್ಚದೆ, ಆರ್ಮ್‌ಹೋಲಿನಿಂದ ಬಿಂದುವಿನ ಮೂಲಕ ಸೊಂಟದವರೆಗೆ ಕತ್ತರಿಸಿ ಎರಡು ತುಂಡು ಮಾಡಿದರೆ ಪ್ರಿನ್ಸೆಸ್ ಕಟ್. ಅಂಗಡಿಯ ಗಾಜಿನ ಹಿಂದೆ ಕಂಡ ಎಷ್ಟೋ ಉಡುಪುಗಳ ಗುಟ್ಟು ಇಷ್ಟೇ. ಇದನ್ನು ಕಾಗದದಲ್ಲಿ ಮನಸ್ಸು ತಣಿಯುವಷ್ಟು ಆಡಿ ನೋಡಿ, ಖರ್ಚೇನೂ ಇಲ್ಲ. ಹೊಲಿಯುವಾಗ ಮಾತ್ರ ಟಕ್ಸಿನ ತುದಿಯನ್ನು ಬಿಂದುವಿಗೆ ಸುಮಾರು 1 ಇಂಚು ಮುಂಚೆಯೇ ಮುಗಿಸಿ, ಇಲ್ಲವಾದರೆ ಅಲ್ಲಿ ಚೂಪಾಗಿ ಎದ್ದು ನಿಲ್ಲುತ್ತದೆ.

ಬಟ್ಟೆಯ ಸ್ವಭಾವವನ್ನು ಕೈಯಿಂದಲೇ ಅರಿಯಬೇಕು. ಒಂದು ತುಂಡನ್ನು ಉದ್ದಕ್ಕೆ, ಅಗಲಕ್ಕೆ, ಕೊನೆಗೆ 45 ಡಿಗ್ರಿ ಓರೆಯಾಗಿ ಎಳೆದು ನೋಡಿ. ಓರೆಯಲ್ಲಿ ಅತಿ ಹೆಚ್ಚು ಹಿಗ್ಗುತ್ತದೆ. ಕತ್ತಿನ ಪೈಪಿಂಗ್‌ಗೆ ಓರೆ ಪಟ್ಟಿಯನ್ನೇ ಕತ್ತರಿಸುವುದು ಅದಕ್ಕಾಗಿ. ಹತ್ತಿಯನ್ನು ಕತ್ತರಿಸುವ ಮೊದಲು ನೆನೆಸಿ ಒಣಗಿಸಿ. ಜಾರ್ಜೆಟ್ ಜಾರುತ್ತದೆ, ಅದಕ್ಕೆ ಕೆಳಗೆ ಕಾಗದ ಹಾಸಿ, 11ನೇ ನಂಬರಿನ ಸೂಜಿ ಹಾಕಿಕೊಳ್ಳಿ. ಪ್ರತಿ ಹೊಲಿಗೆಯನ್ನೂ ಮುಂದಿನದಕ್ಕೆ ಹೋಗುವ ಮುನ್ನವೇ ಇಸ್ತ್ರಿ ಮಾಡಿ. ಮನೆಯ ಹೊಲಿಗೆಗೂ ಅಂಗಡಿಯ ಹೊಲಿಗೆಗೂ ಕಾಣುವ ವ್ಯತ್ಯಾಸ ಬಹುಪಾಲು ಇಸ್ತ್ರಿಯದ್ದೇ ಎಂದು ನಾನು ನಂಬಿದ್ದೇನೆ.

ಮೊದಲ ಸ್ವಂತ ವಿನ್ಯಾಸಕ್ಕೆ ಗುಳೇದಗುಡ್ಡದ ಖಣ ತೆಗೆದುಕೊಳ್ಳಿ ಎಂಬುದು ನನ್ನ ಆಸೆ. ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ ಅದು, ಪ್ರಿನ್ಸೆಸ್ ಕಟ್‌ನಲ್ಲಿ ಅದರ ಅಂದವೇ ಬೇರೆ. ಸಾಂಪ್ರದಾಯಿಕ ಖಣದ ಅಗಲ ಕಡಿಮೆ, ಹಲವು ಬುಟ್ಟಾಗಳಿಗೆ ಮೇಲು-ಕೆಳಗು ಎಂಬುದೂ ಇರುತ್ತದೆ. ಆದ್ದರಿಂದ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಇಟ್ಟು, ಬುಟ್ಟಾದ ಸಾಲು ಎರಡೂ ಬದಿಗೆ ಸಮನಾಗಿ ಬರುತ್ತದೆಯೇ ನೋಡಿ. ಬಟ್ಟೆ ಸಾಲದಿದ್ದರೆ ತೋಳನ್ನು ಸಾದಾ ರೇಷ್ಮೆಯಲ್ಲಿ ಕತ್ತರಿಸಿ, ಖಣದ ದಡಿಯನ್ನು ತೋಳಿನ ಅಂಚಿಗೆ ಕೂಡಿಸಿ.